ಗೋಡಂಬಿ ರಫ್ತಿನಲ್ಲಿ ಮುಂದಿರುವುದು ಆಫ್ರಿಕಾವೋ ಏಷ್ಯಾವೋ?

ಒಂದು ಕಡೆ ಐವರಿ ಕೋಸ್ಟ್ ಮೊದಲು ಅಂತ ಓದಿದೆ, ಇನ್ನೊಂದು ಕಡೆ ವಿಯೆಟ್ನಾಂ ಅಂತ ಇದೆ, ಹಾಗಾದರೆ ಭಾರತ ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. ದಕ್ಷಿಣ ಕನ್ನಡದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಕಚ್ಚಾ ಬೀಜದ ಖರೀದಿ ನೋಡಿಕೊಳ್ಳುವವನು ನಾನು. ನೀವು ಓದಿದ್ದು ಎರಡೂ ಸರಿ. ಒಬ್ಬರು ಸಿಪ್ಪೆ ಸಮೇತ ಹೋಗುವ ಕಚ್ಚಾ ಬೀಜವನ್ನು ಲೆಕ್ಕ ಹಾಕಿದ್ದಾರೆ, ಇನ್ನೊಬ್ಬರು ತಿರುಳನ್ನು. ಕಸ್ಟಮ್ಸ್ ಕೋಡ್ 080131 ಇದ್ದರೆ ಸಿಪ್ಪೆ ಇರುವುದು, 080132 ಇದ್ದರೆ ಸಿಪ್ಪೆ ಬಿಡಿಸಿದ್ದು. ಕೋಡ್ ಹೇಳದೆ ಬರೀ "ಗೋಡಂಬಿ ರಫ್ತು, ಇಷ್ಟು ಟನ್" ಎಂದು ಬರೆದ ಪಟ್ಟಿಯನ್ನು ನಂಬಲೇಬೇಡಿ.

ಎರಡರ ನಡುವಿನ ಅಂತರ ಎಷ್ಟು ಎಂಬುದು ನಮಗೆ ಗೊತ್ತಾಗುವುದು ಕಟ್ಟಿಂಗ್ ಟೆಸ್ಟ್‌ನಲ್ಲಿ. ಕಂಟೇನರ್ ಬಂದ ಮೇಲೆ ಬೇರೆ ಬೇರೆ ಮೂಟೆಗಳಿಂದ ಸ್ಯಾಂಪಲ್ ತೆಗೆದು, ಬೆರೆಸಿ, ಒಂದು ಕಿಲೋ ತೂಗಿ ಮೊದಲು ಬೀಜ ಎಣಿಸುತ್ತೇವೆ. 180ರ ಹತ್ತಿರ ಇದ್ದರೆ ದಪ್ಪ ಮಾಲು, 210 ದಾಟಿದರೆ ಸಣ್ಣದು. ಆಮೇಲೆ ಒಂದೊಂದನ್ನೂ ಉದ್ದಕ್ಕೆ ಸೀಳಿ ಒಳ್ಳೆಯದು, ಕಲೆ ಬಿದ್ದದ್ದು, ಮುರುಟಿದ್ದು, ಬೂಸ್ಟು ಹಿಡಿದದ್ದು ಎಂದು ಬೇರೆ ಮಾಡಿ ಮತ್ತೆ ತೂಗುವುದು. (ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಲಿದು ಬರುತ್ತದೆ, ಬರಿಗೈಯಲ್ಲಿ ಮಾಡುವ ಕೆಲಸವಲ್ಲ.) ಕೊನೆಗೆ ಸಿಗುವ ಅಂಕಿಗೆ ಔಟ್‌ಟರ್ನ್ ಎನ್ನುತ್ತೇವೆ: 80 ಕಿಲೋ ಬೀಜದಲ್ಲಿ ಎಷ್ಟು ಪೌಂಡ್ ತಿರುಳು. 48 ಬಂದರೆ ಖುಷಿ. ಪಶ್ಚಿಮ ಆಫ್ರಿಕಾದ ಗಿನಿ ಬಿಸಾವ್ ದೇಶದ ಮಾಲು 50 ದಾಟುವುದೂ ಉಂಟು, ಅದಕ್ಕೇ ಅದರ ದರ ಯಾವಾಗಲೂ ಒಂದು ಕೈ ಮೇಲೆ. 48 ಪೌಂಡ್ ಎಂದರೆ 22 ಕಿಲೋಗೆ ಹತ್ತಿರ. ಅದರಲ್ಲೂ ಒಳಗಿನ ತೆಳು ಪೊರೆ, ತೇವ ಎಲ್ಲ ಕಳೆಯಬೇಕು. ಹಾಗಾಗಿ ಒಂದು ಕಿಲೋ ತಿರುಳಿಗೆ ನಾಲ್ಕರಿಂದ ಐದು ಕಿಲೋ ಬೀಜ ಬೇಕು ಎಂದು ಇಟ್ಟುಕೊಳ್ಳಿ.

ಈಗ ಹೋಲಿಸಿ ನೋಡಿ. ಐವರಿ ಕೋಸ್ಟ್‌ನ ಬೆಳೆ ಈಗ 10 ಲಕ್ಷ ಟನ್ ದಾಟಿದೆ, ಕಚ್ಚಾ ಬೀಜದಲ್ಲಿ ಜಗತ್ತಿಗೇ ಮೊದಲು. ಆದರೆ ಅಷ್ಟನ್ನೂ ಒಡೆದರೆ ಸಿಗುವ ತಿರುಳು ಎರಡು, ಎರಡೂವರೆ ಲಕ್ಷ ಟನ್. ವಿಯೆಟ್ನಾಂ 2024ರಲ್ಲಿ ಹೊರಗೆ ಕಳಿಸಿದ ತಿರುಳೇ 7 ಲಕ್ಷ ಟನ್‌ಗಿಂತ ಹೆಚ್ಚು. ಅದಕ್ಕೆ ಏನಿಲ್ಲವೆಂದರೂ 28 ಲಕ್ಷ ಟನ್ ಬೀಜ ಬೇಕು, ಅವರ ಸ್ವಂತ ಬೆಳೆ ಅದರ ಹತ್ತಿರಕ್ಕೂ ಬರುವುದಿಲ್ಲ. ಉಳಿದದ್ದೆಲ್ಲ ಆಫ್ರಿಕಾದಿಂದಲೂ ಪಕ್ಕದ ಕಾಂಬೋಡಿಯದಿಂದಲೂ ಬಂದದ್ದು. ಅಂದರೆ ಐವರಿ ಕೋಸ್ಟ್‌ನ ಬಂದರಾದ ಅಬಿಜಾನ್‌ನಲ್ಲಿ ಹಡಗು ಹತ್ತಿದ ಬೀಜ ಆಫ್ರಿಕಾದ ರಫ್ತಿನಲ್ಲಿ ಒಮ್ಮೆ, ತಿರುಳಾಗಿ ವಿಯೆಟ್ನಾಂನ ರಫ್ತಿನಲ್ಲಿ ಇನ್ನೊಮ್ಮೆ ಲೆಕ್ಕಕ್ಕೆ ಬರುತ್ತದೆ. ನೆದರ್ಲೆಂಡ್ಸ್‌ನ ಬಂದರಾದ ರಾಟರ್‌ಡ್ಯಾಮ್‌ನಲ್ಲಿ ಇಳಿದು ಯುರೋಪಿನ ಬೇರೆ ದೇಶಕ್ಕೆ ಹೋದರೆ ಮೂರನೇ ಸಲ. ಒಂದು ಗೇರುಮರವೂ ಇಲ್ಲದ ನೆದರ್ಲೆಂಡ್ಸ್ ರಫ್ತುದಾರರ ಪಟ್ಟಿಯಲ್ಲಿ ಕಾಣಿಸುವುದು ಹೀಗೆ. ಖಂಡಗಳ ಅಂಕಿಗಳನ್ನು ಕೂಡಿಸಿ "ಜಗತ್ತಿನ ಒಟ್ಟು ರಫ್ತು" ಎಂದು ತೋರಿಸುವವರು ಒಂದೇ ಬೀಜವನ್ನು ಎರಡು ಮೂರು ಸಲ ಎಣಿಸಿರುತ್ತಾರೆ.

ಆಫ್ರಿಕಾದ ಒಳಗಿನ ಲೆಕ್ಕವೂ ನೇರವಲ್ಲ. ಐವರಿ ಕೋಸ್ಟ್ ಕಚ್ಚಾ ಬೀಜವನ್ನು ಬಂದರಿನಿಂದ ಮಾತ್ರ ಕಳಿಸಬೇಕು, ರಸ್ತೆ ಮೇಲೆ ಗಡಿ ದಾಟಿಸಬಾರದು ಎಂದಿದೆ. ಆದರೆ ಆಚೆ ದರ ಏರಿದರೆ ಮೂಟೆಗಳು ಘಾನಾಕ್ಕೆ ಹೋಗುತ್ತವೆ, ಘಾನಾದ ರಫ್ತು ಉಬ್ಬುತ್ತದೆ.

ಆಫ್ರಿಕಾದವರೇ ಯಾಕೆ ಬೀಜ ಒಡೆಯುವುದಿಲ್ಲ ಎಂದರೆ, ಮೊಜಾಂಬಿಕ್ ಒಂದು ಕಾಲಕ್ಕೆ ಒಡೆಯುತ್ತಿತ್ತು. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಒತ್ತಡಕ್ಕೆ ಕಚ್ಚಾ ಬೀಜದ ರಫ್ತು ಸುಂಕ ಇಳಿಸಿದರು, ಬೀಜ ಭಾರತಕ್ಕೆ ಬಂತು, ಅಲ್ಲಿನ ಕಾರ್ಖಾನೆಗಳು ಬಾಗಿಲು ಹಾಕಿದವು. ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ಅದರಿಂದ ಲಾಭವೇ ಆಯಿತು, ಇದನ್ನು ನಮ್ಮವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಈಗ ಗಾಳಿ ತಿರುಗಿದೆ. ಬೆನಿನ್ 2024ರಿಂದ ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸುವುದಾಗಿ ಘೋಷಿಸಿತು, ಐವರಿ ಕೋಸ್ಟ್‌ನಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿವೆ.

ಇನ್ನು ಭಾರತ. ತಿರುಳಿನ ರಫ್ತಿನಲ್ಲಿ ವಿಯೆಟ್ನಾಂ ನಮ್ಮನ್ನು ಹಿಂದಿಕ್ಕಿದ್ದು 2006ರಲ್ಲಿ. 2014-15ರಲ್ಲೂ ನಾವು ಸುಮಾರು 1.19 ಲಕ್ಷ ಟನ್ ಕಳಿಸಿದ್ದೆವು, 2020-21ಕ್ಕೆ ಅದು 50 ಸಾವಿರದ ಆಸುಪಾಸಿಗೆ ಬಂತು. ಅವರು ಸಿಪ್ಪೆ ಒಡೆಯುವುದಕ್ಕೆ ಯಂತ್ರ ತಂದರು, ನಾವು ಬಹುಕಾಲ ಹೆಂಗಸರ ಕೈಗೆಲಸವನ್ನೇ ನೆಚ್ಚಿಕೊಂಡೆವು. ಹಾಗೆಂದು ಇದನ್ನು ಬರೀ ಸೋಲು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ದೀಪಾವಳಿ ಹತ್ತಿರ ಬಂದರೆ ದೇಶದೊಳಗಿನ ವ್ಯಾಪಾರಿಗಳು ಕೊಡುವ ದರ ವಿದೇಶಿ ಆರ್ಡರ್‌ಗಿಂತ ಚೆನ್ನಾಗಿರುತ್ತದೆ, ತುಂಡು ಮಾಲಿಗೂ ಸಿಹಿ ಅಂಗಡಿಯವರಿಂದ ಬೇಡಿಕೆ. ಆಫ್ರಿಕಾದಿಂದ ಮಂಗಳೂರು ಬಂದರಿಗೆ ಬಂದ ಬೀಜ ನಮ್ಮಲ್ಲೇ ತಿರುಳಾಗಿ ನಮ್ಮವರ ಹೊಟ್ಟೆ ಸೇರುತ್ತದೆ. ರಫ್ತಿನ ಅಂಕಿ ಮಾತ್ರ ನೋಡಿದರೆ ಈ ವಹಿವಾಟು ಕಣ್ಣಿಗೇ ಬೀಳುವುದಿಲ್ಲ.

ಅಂಕಿ ಹುಡುಕುವಾಗ ಇನ್ನೊಂದು ಗಮನಿಸಿ. ನಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ವಿಯೆಟ್ನಾಂನದು ಜನವರಿಯಿಂದ ಡಿಸೆಂಬರ್. ಟಾಂಜಾನಿಯಾದ ಬೆಳೆ ಅಕ್ಟೋಬರ್‌ನಲ್ಲಿ ಶುರುವಾಗಿ ಹೊಸ ವರ್ಷದೊಳಗೂ ಸಾಗುತ್ತದೆ, ಒಂದೇ ಫಸಲಿನ ಹಡಗುಗಳು ಎರಡು ವರ್ಷದ ಲೆಕ್ಕಕ್ಕೆ ಹಂಚಿಹೋಗುತ್ತವೆ. ಮೂರು ವರ್ಷದ ಸರಾಸರಿ ಹಿಡಿದು, ಎಲ್ಲವನ್ನೂ ತಿರುಳಿಗೆ ಪರಿವರ್ತಿಸಿ, ಆಮೇಲೆ ಹೋಲಿಸಿ.