ಮೆಟಾಸರ್ಫೇಸ್ ಹಲಗೆ ಹಾಕಿದರೆ ವೈಫೈ ಕದ್ದು ಕೇಳುವುದು ನಿಲ್ಲುತ್ತದಾ?

ಕಡಿಮೆಯಾಗುತ್ತದೆ, ಆದರೆ ಪಾಸ್‌ವರ್ಡಿನ ಬದಲಿಗೆ ಅಲ್ಲ. ಮೆಟಾಸರ್ಫೇಸ್ ಅಂದರೆ ರೇಡಿಯೋ ಅಲೆಯನ್ನು ಬೇಕಾದ ದಿಕ್ಕಿಗೆ ತಿರುಗಿಸುವ ಹಲಗೆ. ಬದಿಯಡ್ಕದ ನಿಮ್ಮ ಮನೆಯ ಸಿಗ್ನಲ್ ಜಗಲಿ ದಾಟಿ ಅಡಿಕೆ ತೋಟದ ಆಚೆಗೂ ಸಿಗುತ್ತದೆ ಅಂದಿರಿ. ರೇಡಿಯೋ ಅಲೆಯ ಗುಣವೇ ಅದು, ಅಲ್ವಾ?

ಈ ಹಲಗೆಯಲ್ಲಿ ತಾಮ್ರದ ಸಣ್ಣ ಸಣ್ಣ ತುಣುಕುಗಳು ಸಾಲಾಗಿ ಇರುತ್ತವೆ. 5 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್. ತುಣುಕು ಸಾಮಾನ್ಯವಾಗಿ ಅದರ ಅರ್ಧ, ಇಲ್ಲವೇ ಇನ್ನೂ ಚಿಕ್ಕದು. ಸರಳ ಮಾದರಿಯಲ್ಲಿ ಪ್ರತಿ ತುಣುಕಿಗೆ ಒಂದು ಡಯೋಡ್, ಅಂದರೆ ಸಣ್ಣ ಎಲೆಕ್ಟ್ರಾನಿಕ್ ಸ್ವಿಚ್. ಅದನ್ನು ಆನ್ ಅಥವಾ ಆಫ್ ಮಾಡಿದರೆ ವಾಪಸ್ ಬರುವ ಅಲೆಯ ಫೇಸ್ 180 ಡಿಗ್ರಿ ಬದಲಾಗುತ್ತದೆ. ಅಂದರೆ ಏರು ಇದ್ದಲ್ಲಿ ಇಳಿತ. ಯಾವುದು ಆನ್, ಯಾವುದು ಆಫ್ ಅಂತ ಪ್ರೋಗ್ರಾಂ ಹೇಳುತ್ತದೆ. ಹೀಗೆ ನಿಮ್ಮ ಫೋನ್ ಇರುವಲ್ಲಿ ಅಲೆಗಳು ಒಂದಕ್ಕೊಂದು ಕೂಡಿ ಬಲವಾಗುತ್ತವೆ, ತೋಟದ ಕಡೆ ಒಂದನ್ನೊಂದು ಹೊಡೆದುಹಾಕುತ್ತವೆ.

ನನಗೆ ಜಾಸ್ತಿ ಇಷ್ಟವಾದ ಉಪಾಯ ಬೇರೆ: ಆನ್-ಆಫ್ ಅನ್ನು ಭಾರೀ ವೇಗದಲ್ಲಿ ಬದಲಿಸುತ್ತಾ ಇರುವುದು. ಆಗ ನಿಮ್ಮ ಫೋನಿನ ದಿಕ್ಕಿನಲ್ಲಿ ಸಿಗ್ನಲ್ ಸರಿ ಇರುತ್ತದೆ, ಬೇರೆ ದಿಕ್ಕಿನವರಿಗೆ ಸಿಕ್ಕರೂ ಬರೀ ಕಲಸುಮೇಲೋಗರ.

ಆದರೆ ಕದಿಯುವವನು ನಿಮ್ಮ ಫೋನಿನ ದಿಕ್ಕಿನಲ್ಲೇ ಕೂತಿದ್ದರೆ ಹಲಗೆ ಸೋಲುತ್ತದೆ. ಸದ್ಯ ಇದು ಹೆಚ್ಚಾಗಿ ಲ್ಯಾಬಿನ ವಸ್ತು. ಅದು ಮನೆಗೆ ಬರುವವರೆಗೆ ರೂಟರಿನಲ್ಲಿ ಡಬ್ಲ್ಯುಪಿಎ3 (ವೈಫೈಯ ಭದ್ರತಾ ವ್ಯವಸ್ಥೆ) ಆನ್ ಮಾಡಿ, ರೂಟರನ್ನು ತೋಟದ ಕಡೆಯ ಕಿಟಕಿಯಿಂದ ಒಳಕೋಣೆಗೆ ಸರಿಸಿ.