ಹೊಲದ ಅಂಚಿನಿಂದ ಶುರುಮಾಡಿ

ನಮಸ್ಕಾರ.

ಹೀಬ್ರೂ ಧರ್ಮಗ್ರಂಥದಲ್ಲಿ ದೇವರು ಬಡವರನ್ನು ಪೊರೆಯುವ ಬಗೆಯ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ಚೊಕ್ಕವಾಗಿದೆ. ಆದರೆ ಈಗಿರುವಂತೆ ಪ್ರಕಟಿಸಲಾರೆ. 'ಕರುಣಾಸಾಗರ', 'ದೀನಬಂಧು' ಎನ್ನುವುದರಲ್ಲೇ ಮೊದಲ ಪುಟ ಮುಗಿದಿದೆ. ಒಬ್ಬ ಬಡವನೂ ಕಣ್ಣಿಗೆ ಬೀಳಲಿಲ್ಲ. ಈ ಬಿರುದುಗಳು ಯಾವ ದೇವರಿಗೂ ಸಲ್ಲುತ್ತವೆ, ತೊಂದರೆ ಅದೇ.

ಆ ಗ್ರಂಥದ ಕಾನೂನಿನ ಭಾಗವಾದ ಯಾಜಕಕಾಂಡದ 19ನೇ ಅಧ್ಯಾಯವನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಲೇಖನ ಇರುವುದೇ ಅಲ್ಲಿ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲಾಯಬೇಡ (ಕೊಯ್ಲಿನಲ್ಲಿ ಉದುರಿದ ತೆನೆ ಹೆಕ್ಕಬೇಡ), ತೋಟದಲ್ಲಿ ಉದುರಿದ ದ್ರಾಕ್ಷಿಯನ್ನು ಬಿಡು. ಅದು ಬಡವರಿಗೆ, ಪರದೇಶಿಗಳಿಗೆ. ಅದೇ ಗ್ರಂಥದ ಧರ್ಮೋಪದೇಶಕಾಂಡವಂತೂ ಮರೆತು ಬಂದ ಸಿವುಡನ್ನು ತರಲೂ ಹಿಂದಿರುಗಬೇಡ ಎನ್ನುತ್ತದೆ. ಅಂದರೆ ದೇವರು ಬಡವರಿಗೆ ಕೊಡುವ ಅನ್ನ ಬೆಳೆದವನ ಕಣಜದಿಂದ ಕಳೆದದ್ದು. (ಹೊಲದವರೆಲ್ಲರಿಗೂ ಈ ಲೆಕ್ಕ ರುಚಿಸಿರಲಿಕ್ಕಿಲ್ಲ.) ನಿಮ್ಮ ಲೇಖನದಲ್ಲಿ ಯಾರಿಗೂ ಒಂದು ಕಾಳು ನಷ್ಟವಾಗುವುದಿಲ್ಲ.

ರೂತಳನ್ನು 'ಆದರ್ಶ ಸೊಸೆ' ಎಂದು ಹೊಗಳಿ ಮುಂದೆ ಹೋಗಿದ್ದೀರಿ. ಬೇತ್ಲೆಹೇಮಿನ ಹೊಲದಲ್ಲಿ ಅವಳು ಬಗ್ಗಿ ತೆನೆ ಆಯುವುದನ್ನು ತೋರಿಸಿ. ಅವಳು ಮೋವಾಬೆಂಬ ಹೊರನಾಡಿನವಳು, ವಿಧವೆ. ಅವಳನ್ನು ಮುಟ್ಟಕೂಡದೆಂದು ಹೊಲದ ಒಡೆಯ ಬೋವಜ ತನ್ನ ಆಳುಗಳಿಗೆ ಅಪ್ಪಣೆ ಕೊಡಬೇಕಾಗುತ್ತದೆ. ಹಕ್ಕಲಾಯುವ ಹೆಂಗಸಿಗೆ ಎಂಥ ಭಯವಿತ್ತೆಂದು ತಿಳಿಯಲು ಇಷ್ಟು ಸಾಲದೆ? ಆಮೇಲೆ, ಕಟ್ಟುಗಳಿಂದಲೇ ತೆನೆ ಎಳೆದು ಬೇಕೆಂತಲೇ ಬೀಳಿಸಿ, ಅವಳನ್ನು ಗದರಬೇಡಿ ಎನ್ನುತ್ತಾನೆ. ಸಂಜೆ ಬಡಿದು ನೋಡಿದರೆ ಸುಮಾರು ಒಂದು ಏಫಾ (ಆ ಕಾಲದ ಧಾನ್ಯದ ಅಳತೆ) ಜವೆಗೋದಿ; ಅತ್ತೆ ನೊವೊಮಿಗೂ ಸೇರಿ ದಿನಗಟ್ಟಲೆ ಆಗುವಷ್ಟು. ಇದನ್ನು ಬರೆದರೆ ಹೊಗಳಿಕೆ ಬೇಕಾಗುವುದಿಲ್ಲ.

ಮರುಭೂಮಿಯಲ್ಲಿ ದೇವರು ಆಕಾಶದಿಂದ ಸುರಿಸಿದ ಆಹಾರ, ಮನ್ನ, ಅದರ ಪ್ರಸಂಗ ಎಲ್ಲರೂ ಬರೆಯುತ್ತಾರೆ, ಕೈಬಿಡಿ. ಆ ಜಾಗಕ್ಕೆ ಒತ್ತೆಯ ಕಾನೂನು ಬರಲಿ. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಕ್ಕೆ ನುಗ್ಗುವಂತಿಲ್ಲ, ಹೊರಗೆ ನಿಂತು ಕಾಯಬೇಕು. ಬಡವನ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಬೇಕು, ರಾತ್ರಿ ಹೊದೆಯಲು ಅವನಿಗೆ ಬೇರೇನಿದೆ? ಇಷ್ಟಾದ ಮೇಲೆ ಪ್ರವಾದಿ ಆಮೋಸನನ್ನು ಕರೆತನ್ನಿ. ಒತ್ತೆಯ ಬಟ್ಟೆಗಳನ್ನು ಯಜ್ಞವೇದಿಗಳ ಪಕ್ಕದಲ್ಲೇ ಹಾಸಿಕೊಂಡು ಮಲಗುವವರನ್ನು ಅವನು ಖಂಡಿಸುತ್ತಾನೆ. ಕಾನೂನು ಒಂದು ಕಡೆ, ನಡತೆ ಇನ್ನೊಂದು ಕಡೆ. ಇದನ್ನು ಮುಚ್ಚಿಡಬೇಡಿ. ಭಕ್ತರು ನೊಂದುಕೊಂಡಾರೆಂಬ ಅಂಜಿಕೆ ನಿಮ್ಮ ಸಾಲುಗಳಲ್ಲಿ ಕಾಣುತ್ತದೆ, ಆಮೋಸನಿಗೆ ಅದಿರಲಿಲ್ಲ.

'ನಾವೆಲ್ಲರೂ ದಾನಿಗಳಾಗೋಣ' ಎಂಬ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. 800 ಪದಗಳೊಳಗೆ ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ.

ಸಂಪಾದಕ