ಆಟಕ್ಕುಂಟು, ಲೆಕ್ಕಕ್ಕಿಲ್ವಾ?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. ಹದಿನಾರರ ಮಗ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಬ್ಯಾಕಪ್ ರಿಸೀವರ್, ಅಂದರೆ ಎಸೆದ ಚೆಂಡು (ಪಾಸ್) ಹಿಡಿಯುವ ಬದಲಿ ಆಟಗಾರ. ಕೋಚ್ ಅವನನ್ನು ಒಮ್ಮೆ ಅಂಚಿಗೆ, ಒಮ್ಮೆ ಒಳಗೆ, ಒಮ್ಮೆ ಎದುರಾಳಿ ಒದ್ದು ಕಳಿಸುವ ಚೆಂಡು (ಪಂಟ್) ಹಿಡಿಯಲು ನಿಲ್ಲಿಸುತ್ತಾರೆ. ಐದು ಪಂದ್ಯದಲ್ಲಿ ಹಿಡಿದದ್ದು ಎರಡೇ ಪಾಸ್. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಹಾಗಾಗಿದೆ. ಬಿಡಿಸಿ ಓದಿಗೆ ಹಚ್ಚಲೇ?

ಉತ್ತರ: ಎರಡೇ ಪಾಸ್ ಅಂತ ಎಣಿಸಿದವರು ನೀವು. ಕೋಚ್ ಲೆಕ್ಕ ಬೇರೆ ಇರುತ್ತದೆ.

ರಿಸೀವರ್ ಅಂದರೆ ಒಂದೇ ಕೆಲಸ ಅಲ್ಲ. ಎಕ್ಸ್ ಅನ್ನುವವನು ಆಟ ಶುರುವಾಗುವ ಗೆರೆಯ ಮೇಲೇ ನಿಲ್ಲುತ್ತಾನೆ, ಡಿಫೆಂಡರ್ ಎದೆಗೇ ಕೈ ಹಾಕಿ ತಡೆಯುತ್ತಾನೆ. ಝಡ್ ಒಂದು ಹೆಜ್ಜೆ ಹಿಂದೆ. ಆಟ ಶುರುವಾಗುವ ಮೊದಲೇ ಅವನು ಅಡ್ಡ ಓಡಬಹುದು. ಬೆನ್ನಿಗೇ ಎದುರಾಳಿಯೂ ಓಡಿದರೆ ಆಳಿಗೊಬ್ಬ ಕಾವಲು, ಓಡದಿದ್ದರೆ ಜಾಗ ಕಾಯುತ್ತಿದ್ದಾರೆ ಅಂತ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಸ್ಲಾಟ್‌ನವನು ಒಳಗೆ, ಆ ನೂಕುನುಗ್ಗಲಿನಲ್ಲಿ. ಮೂವರಲ್ಲಿ ಯಾರ ಕಾಲು ಉಳುಕಿದರೂ ಆ ಕ್ಷಣವೇ ಒಳಗೆ ಹೋಗುವವನು ಒಬ್ಬ ಬೇಕಲ್ವಾ? ಮೊದಲಿಂದಲೇ ಆಡುವ ಸ್ಟಾರ್ಟರ್‌ಗೆ ಒಂದು ಜಾಗದ ಪಾಠ ಸಾಕು. ನಿಮ್ಮ ಮಗನಿಗೆ ಮೂರೂ ಬಾಯಿಪಾಠ ಆಗಿರಬೇಕು.

ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅನ್ನುವ ವೃತ್ತಿಪರ ತಂಡದಲ್ಲಿ ರಿಸೀವರ್ ಆಗಿದ್ದ ಜೂಲಿಯನ್ ಎಡಲ್‌ಮನ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದರು. ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ 2009ರ ಡ್ರಾಫ್ಟ್‌ನಲ್ಲಿ 232ನೆಯವರಾಗಿ ಬಂದರು. ಪಂಟ್ ಹಿಡಿದರು, 2011ರಲ್ಲಿ ಡಿಫೆನ್ಸ್‌ನಲ್ಲೂ ನಿಂತರು. 2013ರಲ್ಲಿ ಮುಖ್ಯ ಸ್ಲಾಟ್ ರಿಸೀವರ್ ವೆಸ್ ವೆಲ್ಕರ್ ತಂಡ ಬಿಟ್ಟ ಮೇಲೆ ಒಂದೇ ಸೀಸನ್‌ನಲ್ಲಿ 105 ಕ್ಯಾಚ್. ನಿಮ್ಮ ಮಗನೂ ಹಾಗಾಗುತ್ತಾನೆ ಅಂತ ಸುಮ್ನೆ ಹೇಳಲಾರೆ. ಜಾಸ್ತಿ ಜನ ಆಗುವುದಿಲ್ಲ.

ನನಗಿರುವ ಅನುಮಾನ ಬೇರೆ. ವಾರವಿಡೀ ಅವನನ್ನು ಎದುರಾಳಿ ತಂಡದ ಪಾತ್ರ ಮಾಡುವ ಗುಂಪಿಗೇ ಹಾಕುತ್ತಿದ್ದರೆ, 'ಎಲ್ಲದಕ್ಕೂ ಬೇಕಾದವನು' ಅನ್ನುವುದು ಬರೀ ಬಾಯಿಮಾತು. ಮುಖ್ಯ ತಂಡದ ಜೊತೆ ಎಷ್ಟು ಹೊತ್ತು ಅಭ್ಯಾಸ ಅಂತ ಕೇಳಿ. ಕೋಚ್‌ರನ್ನಲ್ಲ, ಮಗನನ್ನು.

ಈ ಶುಕ್ರವಾರ ಒಂದು ಕೆಲಸ ಮಾಡಿ. ಅವನು ಮೈದಾನಕ್ಕಿಳಿದಾಗ ಚೆಂಡು ನೋಡಬೇಡಿ, ಅವನನ್ನೇ ನೋಡಿ. ಚೆಂಡು ಹೊತ್ತವನು ಅವನ ಕಡೆಗೆ ಓಡಿ ಬಂದಾಗ ಅಂಚು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್‌ನನ್ನು ತಡೆದು ನಿಲ್ಲಿಸುತ್ತಾನಾ? ಅದು ಸ್ಕೋರ್‌ಬೋರ್ಡಿಗೆ ಬರುವುದಿಲ್ಲ. ಕಾರಿನಲ್ಲಿ ವಾಪಸ್ ಬರುವಾಗ ಅದರ ಮಾತೆತ್ತಿ.

ಇನ್ನೊಂದು. ನಿಮ್ಮ ಕಾಗದದಲ್ಲಿ ಮಗನಿಗೆ ಬೇಜಾರಾಗಿದೆ ಅಂತ ಎಲ್ಲೂ ಇಲ್ಲ. ಬಿಡುತ್ತೇನೆ ಅಂತ ಅವನೇ ಹೇಳಿದರೆ ಸೀಸನ್ ಮುಗಿಸಿ ಬಿಡಲಿ. ಈಗ ನಡುವೆ ಬೇಡ, ಇನ್ನೊಬ್ಬ ಹುಡುಗನಿಗೆ ಮೂರು ಜಾಗ ಕಲಿಸಲು ಕೋಚ್‌ಗೆ ಟೈಮಿಲ್ಲ.